ರಟ್ಟಿನೊಳಗ

ಗದಗಿನ ಹಳೇ ವಾಚನಾಲಯ, ಮೂರನೇ ಖೋಲಿ, ಗಾಜಿನ ಕಪಾಟು.
ಮ್ಯಾಲೆ ಬಿಳೇ ಪೇಂಟಿನಾಗ ಬರದಾರ:
‘ಅಪರೂಪ. ಮುಟ್ಟಬಾರದು.’
ಮುಟ್ಟಲಿಕ್ಕಂತನ ನನ್ನ ಕರೆಸ್ಯಾರ.

‘ಮಷೀನಿನವರು ಬರ್ತಾರ ಸೋಮವಾರ, ಫೋಟೋ ತಗೀಲಿಕ್ಕೆ.
ಬೆನ್ನು ಮುರದದ್ದು ನಲವತ್ತೊಂದು ಅದಾವ, ಜೈತುನಬಿ,
ಹಾಳಿ ಉದುರದಂಗ ಮಾಡಿಕೊಡ್ರಿ, ಸಾಕು’
ಅಂದ್ರು ಹೊಸ ಗ್ರಂಥಪಾಲಕಿ, ಸಂಕನಗೌಡ್ರ ಮೇಡಂ.
ಮೂಗಿಗೆ ಸೆರಗು ಹಿಡಕೊಂಡು ಅವರು ಕೀಲಿ ತಗದ್ರ
ಒಳಗಿಂದ ಬಂದದ್ದು ನಮ್ಮ ಅಬ್ಬಾನ ವಾಸನಿ:
ಮೈದಾದ ಅಂಟು, ಅದರಾಗ ಒಂದು ಚಿಟಿಕಿ ಮೈಲುತುತ್ತ,
ಬೀಡಿ.

ಈ ಕಪಾಟೆಲ್ಲ ಅವನ ಕೈಯಾಗ ಹಾದು ಬಂದದ್ದು.
ಓದಾಕ ಬರ್ತಿದ್ದಿಲ್ಲ ಅವಗ.
ಹೊಲಿಗಿ ಮ್ಯಾಲೆ ಬೆರಳಾಡಿಸಿ ಹೇಳತಿದ್ದ:
‘ಇದನ್ನ ಎಲ್ಲಾರೂ ಅರ್ಧಕ್ಕ ಬಿಟ್ಟಾರ,
ಇಲ್ಲಿಂದ ಮುಂದ ನೂಲು ಇನ್ನೂ ಬಿಗಿ ಐತಿ.’
ನೂಲು ಬೆಟಗೇರಿ ಮಗ್ಗದ್ದು, ಸೀರಿ ಅಂಚಿಗೆ ಸಾಲದ ತುಂಡು.
ಹಂಗಾಗಿ ಒಬ್ಬ ಸನ್ಯಾಸಿಯ ತತ್ವದ ಹೊತ್ತಿಗಿ
ಗಿಳಿಹಸರು ದಾರದಾಗ ನಿಂತದ.

ರಟ್ಟು ಕೊಳ್ಳಾಕ ರೊಕ್ಕ ಎಲ್ಲಿತ್ತು?
ಪ್ರೆಸ್ಸಿನ ರದ್ದಿ ಮೂಟೆಗಟ್ಟಲೆ ತರತಿದ್ದ,
ಒಂದರ ಮ್ಯಾಲೊಂದು ಹಚ್ಚಿ, ಕಲ್ಲು ಹೇರಿ,
ಒಣಗಿದ ಮ್ಯಾಲೆ ಬಡದ್ರ ಟಣ್ ಅನಬೇಕು. ಅದು ರಟ್ಟು.

ಈಗ ನಾ ಅದನ್ನ ನೆನಸಿ ಪದರ ಬಿಡಿಸಿದೆ.
ನಾಟಕ ಕಂಪನಿಯ ಕರಪತ್ರ ಬಂತು:
‘ಹೆಂಗಸರಿಗೆ ಬ್ಯಾರೆ ಜಾಗಾ. ಮಳಿ ಬಂದ್ರ ರೊಕ್ಕ ವಾಪಸಿಲ್ಲ.’
ಹತ್ತಿ ಅಡತಿಯ ತೂಕದ ಚೀಟಿ.
ಮದುಮಗಳ ಹೆಸರು ತಪ್ಪಿ ಅಚ್ಚಾಗಿ
ಗಂಟಿಗೆ ಗಂಟೇ ರದ್ದಿಗೆ ಬಿದ್ದ ಲಗ್ನಪತ್ರಿಕಿ.
(ಆಕಿ ಲಗ್ನ ಆತೋ ಇಲ್ಲೋ.)

ಮೇಡಂ ಸೆರಗು ಬಿಟ್ಟು ಬಗ್ಗಿ ನೋಡಿದ್ರು.
‘ಪುಸ್ತಕ ಪುಣೆದಾಗೂ ಒಂದು ಪ್ರತಿ ಇದ್ದೀತು, ಜೈತುನಬಿ.
ಇವು ಎಲ್ಲೂ ಇಲ್ಲ.’
ಒದ್ದಿ ಕಾಗದ ಒಂದೊಂದ ಎತ್ತಿ
ಬಿಸಲಿಗೆ ಅಲ್ಲ, ನೆರಳಿಗೆ ಹಾಸಿದ್ರು. ಕಲತಾರ ಕೆಲಸ.
ಕಪ್ಪತಗುಡ್ಡದ ಗಾಳಿ ಕಿಟಕಿಗೆ ಬಂತು,
ಓಡಿ ಹೋಗಿ ಕದ ಹಾಕಿದ್ರು.

ಹದಿನೇಳನೇದು ದಪ್ಪ ಶಬ್ದಕೋಶ.
ಕಡೀ ಪದರು, ಗಿರಣಿ ಕ್ಯಾಲೆಂಡರಿನ ಹಾಳಿ,
ಅದರ ಬೆನ್ನಿಗೆ ಸೀಸಕಡ್ಡಿಯಾಗ
ಹಜರತಬಿ. ಹಜರತಬಿ. ಹಜರತಬಿ.
ಜಕಾರದ ಕೊಂಡಿ ಎಡಕ್ಕ ತಿರುಗಿ, ಮತ್ತ ತಿರುಗಿ,
ಇಪ್ಪತ್ತಾರನೇ ಸಾಲಿಗೆ ನೆಟ್ಟಗಾಗಿ
ಇಪ್ಪತ್ತೇಳಕ್ಕ ಮತ್ತ ಎಡಕ್ಕ.

ನಾ ಕಂಡಾಗಿಂದ ಅಮ್ಮಾ ಹೆಬ್ಬಟ್ಟು ಒತ್ತಿದಾಕಿ.
ರೇಷನ್ನಿಗೆ, ನನ್ನ ಸಾಲಿಯ ಪ್ರಗತಿ ಪತ್ರಕ್ಕ,
ಕಡೀಗೆ ದವಾಖಾನಿಯ ಆ ಕಾಗದಕ್ಕೂ.
ಮಸಿ ಸೆರಗಿಗೆ ಒರಸಕೊಂಡು ನಗತಿದ್ಲು,
‘ನನಗೇನ ಬರತದವ್ವ’ ಅಂತ.

ಅಬ್ಬಾ ತಿಳೀದ ಹಾಕಿದ್ನೋ,
ಒಂದು ಕಡೆ ಖಾಲಿ ಇದ್ದ ಗಟ್ಟಿ ಕಾಗದ ಅಂತ?
ತಿಳದ ಹಾಕಿದ್ನೋ,
ಯಾರೂ ಮನೀಗೆ ಒಯ್ಯಲಾರದ ಪುಸ್ತಕ ನೋಡಿ?
ಅಂಟು ಹೇಳಂಗಿಲ್ಲ.

‘ಅದೇನು?’ ಅಂದ್ರು ಮೇಡಂ, ಕಿಟಕಿ ಕಡಿಂದ.
‘ರದ್ದಿ’ ಅಂದೆ.
ಅರವತ್ತಮೂರು ವರ್ಷದಾಗ
ಇಷ್ಟು ಲಗೂನ ಸುಳ್ಳು ಎಂದೂ ಬಂದಿದ್ದಿಲ್ಲ ಬಾಯಿಗೆ.

ಸೋಮವಾರ ಮಷೀನು ಬಂತು. ಬಿಳೇ ಬೆಳಕಿನ ಪಟ್ಟಿ
ಹಾಳಿ ಹಾಳಿ ಮ್ಯಾಲೆ ಹಾದು ಹೋತು,
ಹೊಳ್ಳಿಸಿದ ಹುಡುಗ ಫೋನಿನಾಗ ಮಾತಾಡಕೋತನ ಇದ್ದ.
ರಟ್ಟಿನದೂ ಒಂದು ಫೋಟೋ, ಹೊರಗಿಂದ.
ಕರಪತ್ರಗಳಿಗೆ ಹೊಸ ನಂಬರ ಬಿತ್ತು, ಹೊಸ ಫೈಲು.

ಶಬ್ದಕೋಶದ ಮುಂದ ಮೇಡಂ ರಿಜಿಸ್ಟರಿನಾಗ ಬರದ್ರು:
ಹೊಲಿಗೆ ಹೊಸದು. ರಟ್ಟು ಹಳೆಯದೇ.

ಹೌದು, ಹಳೇದ. ಪದರಿಗೆ ಪದರು ಇದ್ದಂಗ ಹಚ್ಚೀನಿ.
ಮೈಲುತುತ್ತ ಮಾತ್ರ
ಒಂದು ಚಿಟಿಕಿ ಜಾಸ್ತಿ ಹಾಕಿದೆ.